ಸೋಲಾಕತ್ತಿದ ಕೂಡ್ಲೇ ಸ್ಲೋ ಆಗೋರಿಗೆ ಏನ್ ಮಾಡೋದ್ರಿ? (ಕರೆಸ್ಪಾಂಡೆನ್ಸ್ ಚೆಸ್)

ಬಳ್ಳಾರಿ_ಆನಿ

ನಮಸ್ಕಾರ್ರೀ ಎಲ್ಲಾರಿಗೂ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯ ಚೆಸ್ ಹುಚ್ಚರು ಸೇರ್ಕಂಡು ಒಂದು ವಾಟ್ಸಾಪ್ ಗ್ರೂಪ್ ಮಾಡೀವಿ, ಅದರಾಗ ಒಂದು ಲೀಗ್ ನಡಿಯಾಕತ್ತೈತಿ, ಆನ್‌ಲೈನ್ ಕರೆಸ್ಪಾಂಡೆನ್ಸ್ (ಎದುರಾಬದುರು ಕೂಡದೆ ದಿನಗಟ್ಲೆ ಟೈಮ್ ತಗೊಂಡು ಆಡೋದು), ಒಂದು ಮೂವ್‌ಗೆ ಏಳು ದಿನ. ಏಳು ದಿನ ಯಾಕಂದ್ರ ಅರ್ಧ ಜನ ಶಿಫ್ಟ್ ಡ್ಯೂಟಿಯವ್ರು, ತೋರಣಗಲ್ಲಿನ ಫ್ಯಾಕ್ಟರಿ, ಶಕ್ತಿನಗರದ ಥರ್ಮಲ್, ಉಳಿದೋರು ಮಾಸ್ತರು, ಅಂಗಡಿಯವ್ರು, ಒಂದಿಬ್ರು ಭತ್ತ ಮಾಡೋರು, ನಾಟಿ ಟೈಮ್‌ನಾಗ ಫೋನ್ ಮುಟ್ಟಾಕೂ ಆಗಂಗಿಲ್ಲ ಅಂತಾರ. ಸರಿ, ಎಲ್ಲಾರೂ ಒಪ್ಕಂಡೇ ಶುರು ಮಾಡಿದ್ದು, ಅದರ ಬಗ್ಗೆ ತಕರಾರಿಲ್ಲ.

ತಕರಾರು ಏನಂದ್ರ ನನ್ನ ಜೊತಿ ಆಡೋ ಒಬ್ರು (ಹೆಸರು ಬ್ಯಾಡ, ಇಲ್ಲೂ ಇರಬಹುದು) ಓಪನಿಂಗ್‌ನಾಗ (ಆಟದ ಶುರುವಿನ ಮೂವ್‌ಗಳಾಗ) ಎಂಥಾ ಸ್ಪೀಡು ಅಂದ್ರ ನಾನು ಮೂವ್ ಹಾಕಿ ಚಾ ಕುಡಿಯೋದ್ರಾಗ ರಿಪ್ಲೈ ಬಂದಿರ್ತಿತ್ತು. ಕೆಲವು ದಿನ ಒಂದೇ ರಾತ್ರಿಗೆ ನಾಕೈದು ಮೂವ್ ಆಗ್ಯಾವ. ಆಮ್ಯಾಲ ಅವ್ರ ಕುದುರಿ ಒಂದು ಮೂಲಿಗೆ ಸಿಕ್ಕಾಕ್ಕಂತು, ನಾನು ಹೊಡ್ದೆ, ಅಷ್ಟೇ ನೋಡ್ರಿ. ಅವತ್ತಿಂದ ಪ್ರತಿ ಮೂವ್ ಏಳನೇ ದಿನ ಸಂಜಿಗೇ ಬರೋದು. ಟೈಮ್ ಮುಗಿದು ಸೋಲಂಗಿಲ್ಲ, ಮೊದ್ಲೂ ಆಡಂಗಿಲ್ಲ.

ಆ ಮನುಷ್ಯಾ ಊರಾಗಿಲ್ಲ, ಆರಾಮಿಲ್ಲ ಅಂದಿದ್ರ ನಾನು ಸುಮ್ನಿರ್ತಿದ್ದೆ, ಆದ್ರ ದಿನಾ ಬೆಳಿಗ್ಗಿ ಅದೇ ಗ್ರೂಪ್‌ನಾಗ ಗುಲಾಬಿ ಹೂವಿನ ಫೋಟೋ ಹಾಕಿ ಶುಭೋದಯ ಅಂತಾರ, ಲೀಗ್‌ನಾಗ ಇನ್ನೊಬ್ರ ಜೊತಿ ಗೆಲ್ಲಾಕತ್ತಿರೋ ಗೇಮ್‌ನಾಗ ದಿನಕ್ಕೆರಡು ಮೂವ್ ಆಡ್ತಾರ, ನನ್ನ ಗೇಮ್ ಒಂದೇ ಕಣ್ಣಿಗೆ ಬೀಳಂಗಿಲ್ಲ. ಇದು ಬರೋಬ್ಬರಿ ಐತೇನ್ರಿ? ರೂಲ್ಸ್ ಪ್ರಕಾರ ತಪ್ಪಿಲ್ಲ ಅಂತ ಗೊತ್ತು. ಆದ್ರ ಪಾಯಿಂಟ್ಸ್ ಟೇಬಲ್ ನನ್ನ ಗೇಮಿನ ಸಲುವಾಗಿ ನಿಂತೈತಿ, ಮುಂದಿನ ರೌಂಡ್ ಶುರುವಾಗವಲ್ದು. ಇಂಥೋರ ಜೊತಿ ಹೆಂಗ ಏಗ್ತೀರಿ, ಲೀಗ್‌ಗೆ ಏನಾರ ರೂಲ್ ಮಾಡಬಹುದಾ, ಹೇಳ್ರಿ.

ಗಂಗಾವತಿ_ಎಕ್ಸ್‌ಪ್ರೆಸ್

ಏಳು ದಿನ ನೀವೇ ಕೊಟ್ಟು, ಏಳು ದಿನ ತಗೊಂಡ್ರು ಅಂತ ನೀವೇ ಅಳೋದಾ ಅಣ್ಣಾ, ಹಹ. ಒಂದು ಗೇಮ್ ಇಟ್ಕೊಂಡು ಕಾಯ್ತಾ ಕೂತ್ರೆ ಹಿಂಗೇ ಆಗೋದು. ನಾನು ಹದಿನೈದಿಪ್ಪತ್ತು ಗೇಮ್ ಒಟ್ಟಿಗೆ ಹಾಕಿರ್ತೀನಿ, ಯಾರು ಸ್ಲೋ ಯಾರು ಫಾಸ್ಟ್ ಅಂತ ಗೊತ್ತೇ ಆಗಲ್ಲ.

ಬಳ್ಳಾರಿ_ಆನಿ

ಹದಿನೈದಿಪ್ಪತ್ತು ಗೇಮ್ ಹಾಕಿದ್ರ ನನ್ನ ಮನಿಯಾಕಿ ಫೋನ್ ಒಲಿಗೆ ಹಾಕ್ತಾಳ್ರಿ.

ಅಂಚೆ_ಅಜ್ಜ_ಕೊಪ್ಪಳ

ತಮ್ಮಾ, ಏಳು ದಿನಕ್ಕ ಹಿಂಗ ಅಂದ್ರ ನಮ್ಮ ಕಾಲದಾಗ ನೀವು ಏನ್ ಮಾಡ್ತಿದ್ರೋ. ನಾನು ಅಂಚೆ ಇಲಾಖೆಯಿಂದ ರಿಟೈರ್ ಆದವ, ಎಂಬತ್ತರ ದಶಕದಾಗ ಕಾರ್ಡಿನ ಮ್ಯಾಲ ಚೆಸ್ ಆಡೀನಿ. ಆಗ ಪೋಸ್ಟ್ ಕಾರ್ಡಿಗೆ 15 ಪೈಸೆ, ಈಗ 50 ಪೈಸೆ. ದೇಶದೊಳಗಿನ ಗೇಮಿಗೆ ಅದೇ ಸಾಕಾಗ್ತಿತ್ತು, ಹೊರದೇಶದೋರ ಜೊತಿ ಆಡಿದ್ರ ಏರ್ ಮೇಲ್ ಖರ್ಚು, ಒಂದು ಗೇಮ್ ಮುಗಿಸೋದ್ರಾಗ ಒಂದು ಹೊಸ ಅಂಗಿ ಬಟ್ಟಿ ಬರೋದು.

ಮೂವ್ ಬರಿಯೋದು ಅಕ್ಷರದಾಗಲ್ಲ, ಅಂಕಿಯೊಳಗ. ಎ ಸಾಲು 1, ಬಿ ಸಾಲು 2, ಹಿಂಗ ಎಚ್ 8ರ ತನಕ. ರಾಜನ ಮುಂದಿನ ಕಾಲಾಳು ಎರಡು ಮನಿ ಮುಂದ ಹೋಗೋದಕ್ಕ 5254, ಅಂದ್ರ 5ನೇ ಸಾಲಿನ 2ನೇ ಮನಿಯಿಂದ ಅದೇ ಸಾಲಿನ 4ನೇ ಮನಿಗೆ. ಯಾಕಂದ್ರ ಆ ಕಡಿಯವ ರಷ್ಯಾದವ ಇರಬಹುದು, ಹಂಗೇರಿಯವ ಇರಬಹುದು, ಅವನ ಭಾಷಿ ನಮಗ ಬರಂಗಿಲ್ಲ, ನಮ್ದು ಅವಗ ಬರಂಗಿಲ್ಲ, ಅಂಕಿ ಎಲ್ಲಾರಿಗೂ ಒಂದೇ. ಪ್ರತಿ ಕಾರ್ಡಿನಾಗ ನಿಮ್ಮ ಕಾರ್ಡ್ ನನಗ ಮುಟ್ಟಿದ ತಾರೀಖು, ನಾನು ಉತ್ತರ ಹಾಕಿದ ತಾರೀಖು, ಈ ಮೂವಿಗೆ ಎಷ್ಟು ದಿನ ಆತು, ಒಟ್ಟು ಎಷ್ಟಾತು, ಇಷ್ಟೂ ಬರೀಬೇಕು. ಟಪಾಲು ದಾರ್ಯಾಗ ಇದ್ದ ದಿನ ಯಾರ ಲೆಕ್ಕಕ್ಕೂ ಇಲ್ಲ. ಹತ್ತು ಮೂವಿಗೆ 30 ದಿನ ಅಂತ ಇರ್ತಿತ್ತು, ಅದು ಬರೇ ಯೋಚನಿ ಮಾಡೋ ದಿನ.

ಸೋಲೋರ ಆಟ ಶುರುವಾಗೋದು ಇಲ್ಲೇ. ನಿನ್ನ ಕಾರ್ಡ್ ಬರಲೇ ಇಲ್ಲ ಅಂತ ಬರೀತಿದ್ರು, ಇನ್ನೊಮ್ಮಿ ಕಳಿಸು ಅಂತಿದ್ರು. ಕಾರ್ಡ್ ಮುಟ್ಟಿದ್ದು ನಾಕನೇ ತಾರೀಖು, ಬರಿಯೋದು ಹನ್ನೆರಡು. ನಾನು ಇಲಾಖೆಯವ, ನನಗ ಸೀಲ್ ಓದಾಕ ಬರ್ತೈತಿ. ಅವನೂರಿನ ಮುದ್ರಿ ಯಾವತ್ತಿಂದು, ನಮ್ಮೂರಿನ ಮುದ್ರಿ ಯಾವತ್ತಿಂದು, ಎರಡೂ ಕೂಡಿಸಿ ನೋಡಿದ್ರ ಸುಳ್ಳು ಹೊರಗ ಬೀಳ್ತಿತ್ತು, ಮುದ್ರಿ ಅಳಿಸಿ ಹೋಗಿದ್ರ ಮಾತ್ರ ಏನೂ ಮಾಡಾಕ ಬರ್ತಿದ್ದಿಲ್ಲ, ನಮ್ಮ ಇಲಾಖೆಯ ಮುದ್ರಿ ಅರ್ಧಕ್ಕರ್ಧ ಅಳಿಸೇ ಇರ್ತಿದ್ವು ಅನ್ನೋದು ಬ್ಯಾರೆ ಮಾತು.

ನಿಧಾನ ಅನ್ನೋದು ಈ ಆಟದ ಹುಟ್ಟುಗುಣ. ಲಂಡನ್ನಿನವ್ರೂ ಎಡಿನ್‌ಬರೋದವ್ರೂ ಟಪಾಲಿನ ಮ್ಯಾಲ ಆಡಿದ್ದು 1824ರಾಗ ಶುರು, 1828ರಾಗ ಮುಗೀತು, ಎಡಿನ್‌ಬರೋ ಗೆದ್ದಿತು. ಸ್ಕಾಚ್ ಗೇಮ್ ಅಂತ ಓಪನಿಂಗ್ ಆಡ್ತೀರಲ್ಲ, ಆ ಹೆಸರು ಆ ಮ್ಯಾಚಿನಿಂದ ಬಂದಿದ್ದು. ಅದಕ್ಕಿಂತ ದೊಡ್ಡ ತಮಾಷಿ ಕೇಳ್ರಿ, ಟಪಾಲು ಚೆಸ್ಸಿನ 10ನೇ ಒಲಿಂಪಿಯಾಡ್ ಫೈನಲ್ 1987ರಾಗ ಶುರುವಾಗಿ 1995ರಾಗ ಮುಗೀತು. ಪೂರ್ವ ಜರ್ಮನಿ ತಂಡಕ್ಕ ಕಂಚು ಬಂತು. ಪೂರ್ವ ಜರ್ಮನಿ ಅನ್ನೋ ದೇಶ 1990ರಾಗೇ ಮುಗಿದಿತ್ತು! ಗೆದ್ದಿದ್ದು ಸೋವಿಯತ್ ಯೂನಿಯನ್, ಅದೂ ಅಷ್ಟೊತ್ತಿಗೆ ಇದ್ದಿಲ್ಲ.

ರಾಯಚೂರ್_ಒಂಟಿ

ಅಜ್ಜಾರ, ಇದನ್ನ ಓದಿ ಡ್ಯೂಟಿ ಮ್ಯಾಲ ಒಬ್ಬನೇ ನಕ್ಕೀನಿ.

ಬಳ್ಳಾರಿ ಅಣ್ಣಾರ, ನಿಮ್ಮ ಪ್ರಶ್ನೆಗೆ ಬರ್ತೀನಿ. ಗಡಿಯಾರದಾಗ ಎರಡು ಜಾತಿ ಅವ, ಮೊದಲು ಅದು ತಿಳ್ಕೋಬೇಕು. ನೀವು ಆಡೋದು ಒಂದು ಮೂವ್‌ಗೆ ಇಷ್ಟು ದಿನ ಅನ್ನೋ ಜಾತಿ. ಚೆಸ್ ಡಾಟ್ ಕಾಮ್‌ದಾಗೂ ಲಿಚೆಸ್‌ದಾಗೂ ಇದೇ, 1 ದಿನದಿಂದ ಹಿಡ್ದು 14 ದಿನದ ತನಕ ಆರಿಸ್ಕೋಬಹುದು. ಇದರಾಗ ಜಲ್ದಿ ಆಡಿದ್ರ ಉಳಿದ ದಿನ ಜಮಾ ಆಗಂಗಿಲ್ಲ, ಪ್ರತಿ ಮೂವ್‌ಗೆ ಗಡಿಯಾರ ಹೊಸದಾಗಿ ಏಳು ದಿನಕ್ಕ ನಿಲ್ತದ. ಹಂಗಾಗಿ ಒಂದೇ ಮೂವ್‌ಗೆ ಯಾರೂ ತಿಂಗಳಗಟ್ಲೆ ಕೂಡಂಗಿಲ್ಲ, ಆದ್ರ ಇನ್ನೂ ಮೂವತ್ತು ಮೂವ್ ಉಳಿದಿದ್ರ ಏಳರ ಲೆಕ್ಕದಾಗ 210 ದಿನ ಅವ್ರ ಕೈಯಾಗ ಅದ. ಲೀಗ್ ಶುರು ಮಾಡೋಮುಂದ ಈ ಗುಣಾಕಾರ ಯಾರೂ ಮಾಡಂಗಿಲ್ಲ, 14 ದಿನದ್ದು ಇಟ್ಟಿದ್ರ 420 ದಿನ ಆಗ್ತಿತ್ತು.

ಇನ್ನೊಂದು ಜಾತಿ ಐಸಿಸಿಎಫ್‌ದು, ಅಂದ್ರ ಕರೆಸ್ಪಾಂಡೆನ್ಸ್ ಚೆಸ್‌ನ ಅಂತರರಾಷ್ಟ್ರೀಯ ಫೆಡರೇಶನ್, 1951ರಿಂದ ಅದ. ಅಲ್ಲಿ ರೂಢಿಯಾಗಿ ಇದ್ದದ್ದು 10 ಮೂವ್‌ಗೆ 50 ದಿನ. ಉಳಿಸಿದ್ದು ಮುಂದಕ್ಕ ಜಮಾ. ಓಪನಿಂಗ್ ಪುಸ್ತಕದಾಗಿನ ಮೂವ್ ಗಡಗಡ ಆಡಿ ನಲವತ್ತು ದಿನ ಕೂಡಿಟ್ಕೊಂಡವ ಸೋಲಕತ್ತಿದ್ ಮ್ಯಾಲ ಆ ಗಂಟು ಬಿಚ್ಚಿಕೊಂಡು ಕೂಡ್ತಾನ. ಅದಕ್ಕೇ ಒಂದು ಮೂವ್ ಮ್ಯಾಲ 20 ದಿನ ದಾಟಿದ್ರ ಅಲ್ಲಿಂದ ಒಂದು ದಿನಕ್ಕ ಎರಡು ದಿನ ಕಡಿಯೋ ನಿಯಮ ಇಟ್ಟಿದ್ರು. ಈ ಕಾಟ ಎಷ್ಟು ಹಳೇದು ಅಂದ್ರ ಅವ್ರ ನಡುವ ಅದಕ್ಕ ಡೆಡ್ ಮ್ಯಾನ್ಸ್ ಡಿಫೆನ್ಸ್ (ಸತ್ತವನ ರಕ್ಷಣಿ) ಅಂತ ಹೆಸರೇ ಬಿದ್ದದ, ಓಪನಿಂಗ್ ಇದ್ದಂಗ. ಸೋತಿದ್ದು ಖಾತ್ರಿ ಇರೋ ಪೊಸಿಷನ್‌ದಾಗ ಬೇಕಂತ ಎಳೆಯೋದನ್ನ ಅಲ್ಲಿ ಕೆಟ್ಟ ನಡತಿ ಅಂತ ನೋಡ್ತಾರ, ಟೂರ್ನಮೆಂಟ್ ಡೈರೆಕ್ಟರ್‌ಗೆ ತಿಳಿಸಬಹುದು. ಬೋರ್ಡಿನ ಮ್ಯಾಲ ಏಳು ಕಾಯಿ ಇಲ್ಲಾ ಅದಕ್ಕಿಂತ ಕಮ್ಮಿ ಉಳಿದ್ರ ಆಡೋದೇ ಬ್ಯಾಡ, ಟೇಬಲ್‌ಬೇಸ್ ತೋರಿಸಿ ಇದು ಗೆಲುವು ಅಂತ ಕ್ಲೇಮ್ ಮಾಡಬಹುದು. ಆ ಏಳು ಕಾಯಿಯ ಎಲ್ಲಾ ಪೊಸಿಷನ್ ಕಂಪ್ಯೂಟರ್ ಪೂರ್ತಿ ಬಿಡಿಸಿ ಇಟ್ಟದ, ಟೇಬಲ್‌ಬೇಸ್ ಅಂದ್ರ ಅದೇ.

ನಿಮ್ಮ ಗೇಮ್‌ಗೆ ಇದು ಯಾವುದೂ ನಡಿಯಂಗಿಲ್ಲ, ಆದ್ರ ಒಂದು ಮಾತು ಮುಖ್ಯ. ಐಸಿಸಿಎಫ್‌ದಾಗ ಇಂಜಿನ್ (ಮೂವ್ ಲೆಕ್ಕ ಹಾಕಿ ಹೇಳೋ ಕಂಪ್ಯೂಟರ್ ಪ್ರೋಗ್ರಾಂ) ಹಚ್ಚೋದಕ್ಕ ಪರವಾನಗಿ ಅದ. ಅಂದ್ರ ಸೋಲೋನಿಗೆ ತಾ ಸೋತೀನಿ ಅಂತ ಇಂಜಿನ್ ಹೇಳಿರ್ತದ, ಎದುರಿನವ ತಪ್ಪು ಮಾಡ್ತಾನ ಅನ್ನೋ ಆಸೆನೂ ಇಲ್ಲ, ಅವನೂ ಇಂಜಿನ್ ಹಚ್ಚಿರ್ತಾನ. ಅಲ್ಲಿ ಎಳೆಯೋದಕ್ಕ ಬಿಲ್ಕುಲ್ ನೆಪ ಇಲ್ಲ. ನಮ್ಮ ಸೈಟ್‌ಗಳ್ದಾಗ ಇಂಜಿನ್ ಬಂದ್, ಓಪನಿಂಗ್ ಡೇಟಾಬೇಸ್ ಮಾತ್ರ ನೋಡಬಹುದು. ಹಂಗಾಗಿ ಕುದುರಿ ಕಳ್ಕೊಂಡವ ಖರೇನೇ ದಾರಿ ಹುಡುಕಕತ್ತಿರಬಹುದು. ನಿಮ್ಮವ್ರು ಹುಡುಕಕತ್ತಾರೋ ಸತಾಯಿಸಕತ್ತಾರೋ ಅಂತ ಹೊರಗಿಂದ ಹೇಳೋದು ಕಷ್ಟ.

ಸದ್ಯಕ್ಕ ಎರಡು ಕೆಲಸ ಮಾಡ್ರಿ. ಒಂದು, ಕಂಡಿಷನಲ್ ಮೂವ್ ಹಾಕ್ರಿ, ಅವ್ರು ಹಿಂಗ ಆಡಿದ್ರ ನಾನು ಹಿಂಗ ಅಂತ ಮೊದಲೇ ಬರೆದಿಟ್ರ ಅವ್ರ ಮೂವ್ ಬಿದ್ದ ಕ್ಷಣಕ್ಕ ನಿಮ್ದೂ ಬೀಳ್ತದ, ನಿಮ್ಮ ಕಡಿಂದ ತಡ ಆಗಂಗಿಲ್ಲ. ಎರಡು, ಗೇಮಿನ ಪಕ್ಕ ನೋಟ್ಸ್ ಬರಿಯೋ ಜಾಗ ಇರ್ತದ, ಅದು ನಿಮಗ ಮಾತ್ರ ಕಾಣ್ತದ, ಅಲ್ಲಿ ನಿಮ್ಮ ಪ್ಲಾನ್ ಬರೆದಿಡ್ರಿ. ಸ್ಲೋ ಆಡೋರಿಂದ ನಿಜವಾದ ಲುಕ್ಸಾನ್ ಇದು: ವಾರದ ಮ್ಯಾಲ ಮೂವ್ ಬಂದಾಗ ನಾವು ಏನು ಮಾಡಬೇಕು ಅಂದ್ಕೊಂಡಿದ್ವಿ ಅನ್ನೋದೇ ಮರ್ತು ಹೋಗಿರ್ತದ, ಸಿಟ್ಟಿನಾಗ ಎರಡು ನಿಮಿಷದಾಗ ಆಡಿ ಆನಿ ಕಳ್ಕೋತೀವಿ.

ಬಳ್ಳಾರಿ_ಆನಿ

ಅಣ್ಣಾ ನೋಟ್ಸ್ ಇರೋದೇ ಗೊತ್ತಿದ್ದಿಲ್ಲ. ಪೊಸಿಷನ್ ಫೋಟೋ ಹಾಕ್ತೀನಿ ತಡೀರಿ, ನೀವೂ ನೋಡಿ ಹೇಳ್ರಿ ಅವ್ರು ಸೋತಾರೋ ಇಲ್ಲೋ.

ರಾಯಚೂರ್_ಒಂಟಿ

ಬ್ಯಾಡ ಬ್ಯಾಡ. ನಡಿಯೋ ಗೇಮ್‌ದಾಗ ಇನ್ನೊಬ್ರ ಕಡಿಂದ ಸಲಹಾ ತಗೋಳ್ಳೋದು ಆ ಸೈಟ್‌ಗಳ ರೂಲ್ಸ್‌ದಾಗ ತಪ್ಪು. ಸ್ಲೋ ಆಡೋದು ರೂಲ್ಸ್ ಒಳಗಿನ ಮಾತು, ಇದು ರೂಲ್ಸ್ ಹೊರಗಿನ ಮಾತು. ಗೇಮ್ ಮುಗದ ಮ್ಯಾಲ ಹಾಕ್ರಿ.

ಸಿಂಧನೂರ್_ಕಾಲಾಳು

ನಾನು ಆ ಇನ್ನೊಂದು ಪಾರ್ಟಿಯವ. ಸೋಲಕತ್ತಿದ್ರ ನಾನೂ ಸ್ಲೋ ಆಗ್ತೀನಿ, ಅದರಾಗ ನಾಚಿಕಿ ಪಡೋದು ಏನೂ ಇಲ್ಲ. ಗೆಲ್ಲೋ ಗೇಮ್‌ದಾಗ ಮೂವ್ ತಾನಾಗೇ ಕಾಣ್ತದ, ಕಾಯಿ ಜಾಸ್ತಿ ಅದ, ಎಕ್ಸ್‌ಚೇಂಜ್ ಮಾಡ್ಕೋತ ಹೋದ್ರಾತು. ಸೋಲೋ ಗೇಮ್‌ದಾಗ ಪ್ರತಿ ಮೂವ್ ಕೆಟ್ಟದ್ದೇ, ಅದರಾಗ ಎದುರಿನವ್ರಿಗೆ ತಪ್ಪು ಮಾಡಾಕ ಜಾಗ ಕೊಡೋ ಕೆಟ್ಟ ಮೂವ್ ಯಾವುದು ಅಂತ ಹುಡುಕಬೇಕು. ಅದಕ್ಕ ಟೈಮ್ ಬೇಕು.

ಒಂದು ಮುಗಿದ ಗೇಮ್ ಹೇಳ್ತೀನಿ, ಬೋರ್ಡ್ ಇದ್ರ ಕಾಯಿ ಇಟ್ಟು ನೋಡ್ರಿ. ನಂದು ಕರೇ ಕಾಯಿ. ನನ್ನ ರಾಜ ಎಚ್8 ಮೂಲ್ಯಾಗ, ಒಂಟಿ ಇ8, ಕಾಲಾಳು ಎಚ್7 ಮತ್ತ ಎ4. ಎದುರಿನವ್ರದು ರಾಜ ಎಫ್6, ಆನಿ ಎ1, ಕಾಲಾಳು ಎಚ್6. ನನ್ನ ಮೂವ್. ಅವ್ರ ಆನಿ ಒಂದ್ಸಲ ಡಿ ಸಾಲಿಗೆ ಬಂದು ಡಿ8ಕ್ಕ ಇಳಿದ್ರ ನನ್ನ ಕಥಿ ಖತಂ. ನಾಕೈದು ದಿನ ಕೂತೆ. ಬಸ್‌ದಾಗೂ ಅದೇ, ಕ್ಲಾಸ್ ನಡುವ ಬಿಡುವಿನಾಗೂ ಅದೇ, ಕೆನಾಲ್ ದಂಡಿಗೆ ವಾಕಿಂಗ್ ಹೋದ್ರೂ ಅದೇ ಎಂಟು ಸಾಲು ಕಣ್ಣಮುಂದ. ಆಮ್ಯಾಲ ಒಂಟಿನ ಎಫ್7ಕ್ಕ ಇಟ್ಟೆ, ಸೀದಾ ಅವ್ರ ರಾಜನ ಬಾಯಿಗೆ. ನೋಡಿದವ್ರು ಇವಗ ತಲಿ ಕೆಟ್ಟದ ಅನ್ಬೇಕು. ಅವ್ರು ಹೊಡದ್ರು.

ಈಗ ನೋಡ್ರಿ, ಅವ್ರ ರಾಜ ಎಫ್7ದಾಗ ನಿಂತು ಜಿ8, ಜಿ7 ಎರಡೂ ಕಾಯ್ತಾನ, ನನ್ನ ರಾಜ ಅಲುಗಾಡಂಗಿಲ್ಲ, ಎಚ್7 ಕಾಲಾಳಿಗೆ ಎದುರು ಎಚ್6 ಕಾಲಾಳು ಅಡ್ಡ. ನಡಿಯೋದು ಎ4 ಒಂದೇ. ಒಂದೇ ಮೂವ್ ಅದ, ಆಡಿದೆ, ಎ3. ಅವ್ರು ಒಂಟಿ ಹೊಡಿಯೋಮುಂದನೇ ಎ3 ಬಂದ್ರ ಆನಿಯಿಂದ ಹೊಡಿ ಅಂತ ಕಂಡಿಷನಲ್ ಹಾಕಿಟ್ಟಿದ್ರು ಅನ್ನಿಸ್ತದ, ನಾನು ಬೆರಳು ಎತ್ತೋದ್ರಾಗ ಆನಿ ಬಂದು ಎ3 ಹೊಡೀತು. ನನಗ ಆಡಾಕ ಇನ್ನೊಂದು ಮೂವ್ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್, ಡ್ರಾ. ಅವ್ರು ಹೊಡಿಯೋದು ಬಿಟ್ಟು ಆನಿನ ಡಿ1ಕ್ಕ ಸರಿಸಿದ್ರ ಸಾಕಿತ್ತು, ನಾನು ಎ2 ಆಡಲೇಬೇಕು, ಅವ್ರು ಡಿ8, ಮೇಟ್.

ಇದನ್ನ ಸತಾಯಿಸೋದು ಅಂತೀರಾ? ನಾ ಅಂತೂ ಆಡೋದು ಅಂತೀನಿ.

ಗಂಗಾವತಿ_ಎಕ್ಸ್‌ಪ್ರೆಸ್

ಬೋರ್ಡ್ ಇಟ್ಟು ನೋಡಿದೆ. ಅಯ್ಯಪ್ಪಾ. ಆ ಕಂಡಿಷನಲ್ ಹಾಕಿದವ್ರ ಮುಖ ನೋಡಬೇಕಿತ್ತು.

ಆದ್ರೂ ಮಾಸ್ತರೇ (ಕ್ಲಾಸ್ ಅಂದ್ರಲ್ಲ, ಮಾಸ್ತರೇ ಇರಬೇಕು), ಎಲ್ಲರೂ ನಿಮ್ಮಂಗೆ ಹುಡುಕೋರಲ್ಲ. ನನ್ನ ಲಿಸ್ಟ್‌ನಲ್ಲಿ ಏನಾಗುತ್ತೆ ಅಂದ್ರೆ ಇಷ್ಟದ ಗೇಮ್ ಮೊದಲು ಓಪನ್ ಮಾಡ್ತೀನಿ, ಸೋಲೋದನ್ನ ಆಮೇಲೆ ನೋಡಿದ್ರಾಯ್ತು ಅಂತ ಬಿಡ್ತೀನಿ, ಆಮೇಲೆ ಬರೋದು ಟೈಮ್ ಮುಗಿಯೋಕೆ ಇಷ್ಟೇ ಗಂಟೆ ಉಳಿದಿದೆ ಅಂತ ನೋಟಿಫಿಕೇಶನ್ ಬಂದಾಗ್ಲೇ. ದ್ವೇಷ ಏನಿಲ್ಲ, ನೋಡೋಕೆ ಮನಸ್ಸು ಬರಲ್ಲ ಅಷ್ಟೇ. ಬಳ್ಳಾರಿ ಅಣ್ಣನ ಎದುರಾಳಿನೂ ಅದೇ ಇರಬಹುದು. ಗುಲಾಬಿ ಹೂ ಹಾಕೋದಕ್ಕೆ ಯೋಚನೆ ಬೇಡ, ಫಾರ್ವರ್ಡ್ ಒತ್ತಿದ್ರೆ ಆಯ್ತು.

ಶಕ್ತಿನಗರ_ನೈಟ್‌ಶಿಫ್ಟ್

ಇನ್ನೊಂದು ಕಾರಣ ಯಾರೂ ಹೇಳ್ಲಿಲ್ಲ. ರೇಟಿಂಗ್, ಅಂದ್ರ ಆಟಗಾರನ ಮಟ್ಟ ತೋರಿಸೋ ನಂಬರ್. ಗೇಮ್ ಮುಗಿಯೋ ತನಕ ರೇಟಿಂಗ್ ಇಳಿಯಂಗಿಲ್ಲ. ಸೋಲೋ ಗೇಮ್ ಎಳ್ಕೊಂಡು ಗೆಲ್ಲೋ ಗೇಮ್ ಜಲ್ದಿ ಮುಗಿಸಿದ್ರ ಪ್ರೊಫೈಲ್‌ದಾಗ ಕೆಲವು ದಿನ ನಂಬರ್ ಮ್ಯಾಲೇ ಇರ್ತದ. ಕಡಿಗೆ ಲೆಕ್ಕ ಒಂದೇ ಆಗ್ತದ, ಆದ್ರೂ ಜನ ಮಾಡ್ತಾರ. ನಮ್ಮ ಕಂಟ್ರೋಲ್ ರೂಮ್‌ದಾಗೇ ಒಬ್ಬ ಅದಾನ.

ಇನ್ನೂ ಕೆಲವರು ಎದುರಿನವ್ರ ಟೈಮ್ ಮುಗಿಲಿ ಅಂತ ಕಾಯ್ತಾರ. ಫೋನ್ ಕೆಟ್ಟು, ಮದಿವಿ ಬಂದು, ಊರಿಗೆ ಹೋಗಿ ನೆಟ್‌ವರ್ಕ್ ಸಿಗದಂಗಾಗಿ ಗೆಲ್ಲೋನೇ ಟೈಮ್‌ಔಟ್ ಆಗಿದ್ದು ನಾ ಕಣ್ಣಾರ ನೋಡೀನಿ. ಗೇಮ್ ಎಷ್ಟು ಉದ್ದ ಆದ್ರ ಅಷ್ಟು ಚಾನ್ಸ್ ಅವ್ರಿಗೆ. ಅದಕ್ಕ ಬಳ್ಳಾರಿ ಅಣ್ಣಾ, ಸಿಟ್ಟು ಮಾಡ್ಕೊಂಡು ನೀವೂ ಏಳು ದಿನ ತಗೋತೀನಿ ಅನ್ನಬ್ಯಾಡ್ರಿ, ಅದು ಅವ್ರಿಗೇ ಅನುಕೂಲ. ಚಾಟ್‌ದಾಗ ರಿಸೈನ್ ಮಾಡ್ರಿ (ಸೋಲು ಒಪ್ಕೊಳ್ರಿ) ಅಂತಾನೂ ಬರೀಬ್ಯಾಡ್ರಿ, ಹಂಗ ಬರೆದ ದಿನದಿಂದ ಖರೇ ಹಟ ಶುರುವಾಗ್ತದ.

ಅಂಚೆ_ಅಜ್ಜ_ಕೊಪ್ಪಳ

ಸಿಂಧನೂರಿನ ಮಾಸ್ತರ ಆಟ ಭಾರೀ ಐತಿ, ಒಪ್ಪಿದೆ. ಆದ್ರ ಮಾಸ್ತರ, ನಿಮ್ಮ ಕಥಿಯೊಳಗೇ ಉತ್ತರ ಐತಿ ನೋಡ್ರಿ. ಒಂಟಿ ಎಫ್7ಕ್ಕ ಇಡೋ ಮುಂಚೆ ನಾಕೈದು ದಿನ ಕೂತ್ರಿ. ಎ3 ಆಡಾಕ ಎಷ್ಟು ಕೂತ್ರಿ? ಕೂಡಲೇ ಆಡಿದ್ರಿ. ಯಾಕಂದ್ರ ಅಲ್ಲಿ ಯೋಚನಿ ಮಾಡಾಕ ಏನೂ ಇದ್ದಿಲ್ಲ.

ನಮ್ಮ ಕಾರ್ಡಿನ ಕಾಲದಾಗ ನಾನು ನೋಡ್ತಿದ್ದದ್ದೂ ಇದನ್ನೇ. ಎಷ್ಟು ದಿನ ತಗಂಡ ಅಂತಲ್ಲ, ಎಂಥಾ ಮೂವಿಗೆ ತಗಂಡ ಅಂತ. ನಾನು ಅವನ ಕುದುರಿ ಹೊಡದೀನಿ, ಅವ ನನ್ನ ಕುದುರಿ ತಿರುಗಿ ಹೊಡಿಯಲೇಬೇಕು, ಅದಕ್ಕ ಒಂಬತ್ತು ದಿನ ಅಂತ ಬರೆದ್ರ ಅವ ಬೋರ್ಡ್ ನೋಡಿಲ್ಲ, ಕ್ಯಾಲೆಂಡರ್ ನೋಡ್ಯಾನ. ಗೊಂದಲದ ಪೊಸಿಷನ್ನಿನಾಗ ಹದಿನೈದು ದಿನ ತಗಂಡವನ ಮ್ಯಾಲ ನನಗ ಯಾವತ್ತೂ ಸಿಟ್ಟು ಬಂದಿಲ್ಲ, ಅಂಥವನ ಕಾರ್ಡ್ ಬಂದಾಗ ಹೆದರ್ಕಿ ಬರ್ತಿತ್ತು, ಏನ್ ಹುಡುಕ್ಯಾನೋ ಅಂತ.

ಬಳ್ಳಾರಿ ತಮ್ಮಾ, ನಿಮ್ಮ ಎದುರಾಳಿ ಯಾವ ಮೂವಿಗೆ ತಡ ಮಾಡ್ಯಾರ ತೆಗೆದು ನೋಡ್ರಿ. ಪೊಸಿಷನ್ ನಮಗ ಹೇಳಬ್ಯಾಡ್ರಿ.

ಸಿಂಧನೂರ್_ಕಾಲಾಳು

ಅಜ್ಜಾರ ಹಿಡದ್ರಿ ನನ್ನ. ಈ ಲೆಕ್ಕಕ್ಕ ನಂದೂ ಒಪ್ಪಿಗಿ. ಒಂದೇ ಮೂವ್ ಇದ್ದಲ್ಲಿ ಆರು ದಿನ ತಗೋಳ್ಳೋನ ಪರವಾಗಿ ನಾ ವಕೀಲಿ ಮಾಡಂಗಿಲ್ಲ.

ಬಳ್ಳಾರಿ_ಆನಿ

ತಡ ಆತು, ಕ್ಷಮಿಸ್ರಿ, ಸೆಕೆಂಡ್ ಶಿಫ್ಟ್ ಇತ್ತು. ಪ್ರತಿ ಮೂವ್‌ಗೆ ಇಮೇಲ್ ಬರ್ತೈತಲ್ಲ, ಅವೆಲ್ಲಾ ತೆಗೆದು ತಾರೀಖು ನೋಡ್ದೆ. ಬಾಯಿ ಬಿಟ್ಟು ಕೂತೀನಿ.

ರಾಣಿ ರಾಣಿ ಎಕ್ಸ್‌ಚೇಂಜ್ ಆತು ಒಂದು ಕಡಿ, ನಾನು ಹೊಡದ್ ಮ್ಯಾಲ ಅವ್ರು ತಿರುಗಿ ಹೊಡಿಯಲೇಬೇಕಿತ್ತು, ಇಲ್ಲಾಂದ್ರ ರಾಣಿನೇ ಹೋತು. ಅದಕ್ಕ ಏಳನೇ ದಿನ. ಆಮ್ಯಾಲ ನಾನು ಚೆಕ್ ಕೊಟ್ಟೆ, ರಾಜ ಹೋಗಾಕ ಇದ್ದದ್ದೇ ಒಂದು ಮನಿ, ಅಡ್ಡ ಇಡಾಕ ಕಾಯಿ ಇಲ್ಲ. ಅದಕ್ಕೂ ಏಳನೇ ದಿನ, ಟೈಮ್ ಮುಗಿಯಾಕ ಸ್ವಲ್ಪ ಹೊತ್ತಿಗೆ ಮುಂಚೆ. ಇದರ ನಡುವ ಒಂದೇ ಒಂದು ಮೂವ್ ಮಾತ್ರ ಎರಡು ದಿನದಾಗ ಬಂದೈತಿ, ಅದು ನಿಜವಾಗ್ಲೂ ಕಷ್ಟದ ಪೊಸಿಷನ್, ನಾನೇ ಗಾಬರಿ ಆಗಿದ್ದೆ, ಒಳ್ಳೇ ಮೂವೇ ಹಾಕ್ಯಾರ. ಅಂದ್ರ ಈ ಮನುಷ್ಯಾ ಆಸೆ ಇದ್ದಾಗ ಫಾಸ್ಟ್ ಆಡ್ತಾರ, ಆಸೆ ಇಲ್ಲದಾಗ ಮಲಗ್ತಾರ.

ರಾಯಚೂರ್_ಒಂಟಿ

ಹಂಗಾದ್ರ ಇದು ಪಕ್ಕಾ ಎಳೆಯೋ ಕೇಸ್. ಆದ್ರೂ ಅವ್ರ ಏಳು ದಿನ ಅವ್ರದೇ, ಅದನ್ನ ಕಿತ್ಕೊಳ್ಳಾಕ ಬರಂಗಿಲ್ಲ. ಈ ಸಲದ್ದು ಮುಗಿಸ್ರಿ. ಒಂದೇ ಮೂವ್ ಇರೋ ಕಡಿ ಕಂಡಿಷನಲ್ ಹಾಕ್ರಿ, ಮಾಸ್ತರ ಎ3 ನೆನಪಿಟ್ಕೊಂಡು, ಹಾಕೋ ಮುಂಚೆ ಎದುರಿನವ್ರಿಗೆ ಆಡಾಕ ಇನ್ನೊಂದು ಮೂವ್ ಉಳೀತದೋ ಇಲ್ಲೋ ನೋಡ್ರಿ.

ಲೀಗ್_ಮುನ್ಷಿ

ನಾನು ಆ ಲೀಗಿನ ಲೆಕ್ಕ ಬರಿಯೋನು. ಯಾರ ಬಗ್ಗೆ ಅಂತ ಗೊತ್ತಾತು, ಹೆಸರು ಹೇಳಂಗಿಲ್ಲ. ಬಳ್ಳಾರಿ ಅಣ್ಣಾರು ಒಬ್ರೇ ಅಲ್ಲ, ಇನ್ನೂ ಎರಡು ಗೇಮ್ ಹಿಂಗೇ ನಿಂತಾವ, ಬ್ಯಾರೆ ಬ್ಯಾರೆ ಜನ.

ಐಸಿಸಿಎಫ್ ಥರ ಗಡಿಯಾರ ಇಡಾನ ಅಂತ ಕೆಲವರು ಪರ್ಸನಲ್ ಮೆಸೇಜ್ ಮಾಡ್ಯಾರ. ಆಗಂಗಿಲ್ಲ, ನಾವು ಆಡೋ ಸೈಟ್‌ನಾಗ ಮೂವ್‌ಗೆ ಇಷ್ಟು ದಿನ ಅನ್ನೋದು ಬಿಟ್ರ ಬ್ಯಾರೆ ಆಯ್ಕೆ ಇಲ್ಲ. ಮೂರು ದಿನಕ್ಕ ಇಳಿಸಾನ ಅಂದ್ರ ನಾಟಿ ಟೈಮ್‌ನಾಗ ರೈತರು ಎಲ್ಲಾ ಗೇಮ್ ಟೈಮ್‌ಔಟ್‌ನಾಗ ಸೋಲ್ತಾರ, ಗವಿಮಠದ ಜಾತ್ರಿ ಬಂತಂದ್ರ ಕೊಪ್ಪಳದವ್ರು ಒಂದು ವಾರ ಸಿಗಂಗಿಲ್ಲ. ಎಳೆಯೋ ಒಬ್ಬಿಬ್ಬರ ಸಲುವಾಗಿ ಅವ್ರಿಗೆಲ್ಲಾ ತ್ರಾಸ ಕೊಡಾಕ ನನಗ ಮನಸ್ಸಿಲ್ಲ.

ನಾವು ಮಾಡಬಹುದಾಗಿದ್ದು ಇಷ್ಟು. ಲೀಗ್‌ಗೆ ಕಡೀ ತಾರೀಖು ಒಂದು ಇಡೋದು. ಆ ದಿನ ಮುಗಿಯದೆ ಉಳಿದ ಗೇಮ್‌ಗಳನ್ನ ಲೀಗ್‌ನಾಗ ಆಡದೇ ಇರೋ ಒಬ್ಬ ಗಟ್ಟಿ ಆಟಗಾರರಿಗೆ ತೋರಿಸೋದು, ಅವ್ರು ಗೆಲುವು, ಸೋಲು, ಡ್ರಾ ಏನಂತಾರೋ ಅದನ್ನ ನಮ್ಮ ಟೇಬಲ್‌ಗೆ ಬರ್ಕೊಳ್ಳೋದು. ಅವ್ರು ತೀರ್ಪು ಹೇಳೋದು ನನಗೊಬ್ಬನಿಗೇ, ಆಡೋರಿಗೆ ಲೈನ್ ಹೇಳಂಗಿಲ್ಲ, ಸೈಟ್ ಮ್ಯಾಲ ಆ ಗೇಮ್ ತನ್ನಷ್ಟಕ್ಕ ತಾನು ನಡೀಲಿ, ಎಷ್ಟು ದಿನ ಬೇಕಾದ್ರೂ. ಖಚಿತ ಇಲ್ಲದ ಪೊಸಿಷನ್ ಇದ್ರ ಇಬ್ರಿಗೂ ಅರ್ಧ ಪಾಯಿಂಟ್. ಇದರಿಂದ ಎಳೆಯೋರಿಗೆ ಲಾಭ ಇಲ್ಲ, ಮಾಸ್ತರಂಗ ಹುಡುಕೋರಿಗೆ ಕಡೀ ತಾರೀಖಿನ ತನಕ ಪೂರ್ತಿ ಅವಕಾಶ ಐತಿ. ಗ್ರೂಪ್‌ನಾಗ ಪೋಲ್ ಹಾಕ್ತೀನಿ ಇವತ್ತು ರಾತ್ರಿ.

ಶಕ್ತಿನಗರ_ನೈಟ್‌ಶಿಫ್ಟ್

ತೀರ್ಪು ಕೊಡೋರು ಯಾರ ಪರಿಚಯದೋರೂ ಆಗಿರಬಾರ್ದು ನೋಡ್ರಿ. ನಮ್ಮ ಕಡಿ ಎಲ್ಲಾರೂ ಎಲ್ಲಾರಿಗೂ ಪರಿಚಯ.

ಲೀಗ್_ಮುನ್ಷಿ

ಅದೇ ತಲಿನೋವು. ಗೇಮ್‌ನಾಗಿರೋ ಐಡಿ ಮುಚ್ಚಿ ಬರೇ ಪೊಸಿಷನ್ ಕಳಿಸ್ತೀನಿ, ಬಿಳೇದು ಯಾರು ಕರೇದು ಯಾರು ಅಂತ ಹೇಳಂಗಿಲ್ಲ. ಅಂಚೆ ಅಜ್ಜಾರು ಒಪ್ಪಿದ್ರ ಅವ್ರಿಗೇ ಕೊಡ್ತೀನಿ.

ಅಂಚೆ_ಅಜ್ಜ_ಕೊಪ್ಪಳ

ನೋಡ್ತೀನಿ, ಆದ್ರ ಫೋನಿನಾಗ ಸಣ್ಣ ಬೋರ್ಡ್ ನನ್ನ ಕಣ್ಣಿಗೆ ಕಾಣಂಗಿಲ್ಲ. ಕಾಯಿ ಎಲ್ಲೆಲ್ಲಿ ಐತಿ ಅಂತ ಬರೆದು ಕಳಿಸ್ರಿ, ಮನ್ಯಾಗ ಹಾಸಿ ನೋಡ್ತೀನಿ. ನನಗೂ ಟೈಮ್ ಬೇಕಾಗ್ತೈತಿ.

ಬಳ್ಳಾರಿ_ಆನಿ

ಕಡೀ ತಾರೀಖು ಯಾವತ್ತು ಇಡ್ತೀರಿ ಮುನ್ಷೀರ?

ಲೀಗ್_ಮುನ್ಷಿ

ಭತ್ತ ಕೊಯ್ಲು ಮುಗಿದ ಮ್ಯಾಲ. ಅದಕ್ಕೂ ಮುಂಚೆ ಇಟ್ರ ರೈತರು ನನ್ನನ್ನೇ ಗ್ರೂಪಿಂದ ತೆಗೆದು ಹಾಕ್ತಾರ.